ಕಾಲೇಜ್ ಹಾಕಿ ಮ್ಯಾಚ್ ನೋಡೋಕೆ ಹೋಗ್ಬೋದಾ? ಹೋಗ್ಬೋದು, ಕೊಡೆ ತಗೊಂಡು

ಈ ಸಲ ಕೊಡಗಲ್ಲಿ ನಮ್ಮ ಕಡೆ ಒಂದು ಕಾಲೇಜಿನವ್ರು ಹಾಕಿಗೆ ಜನ ಸೇರಿಸ್ಬೇಕು ಅಂತ ಭಾರಿ ಓಡಾಡಿದಾರೆ, ಎಂಟ್ರಿ ಫ್ರೀ, ವಾಟ್ಸಾಪಲ್ಲಿ ಟೈಮಿಂಗ್, ಪಕ್ಕದ ಹೈಸ್ಕೂಲ್ ಮಕ್ಕಳನ್ನ ಕರ್ಕೊಂಡು ಬಂದು ಗೋಲ್ ಪೋಸ್ಟ್ ಹಿಂದಿನ ಬಲೆ ಆಚೆ ಕೂರ್ಸಿದ್ರು, ಅದೊಂದು ಐಡಿಯಾ ಮಾತ್ರ ಸೂಪರ್, ಪೆನಾಲ್ಟಿ ಕಾರ್ನರ್ (ಗೋಲ್ ಹತ್ರ ತಪ್ಪು ಮಾಡಿದ್ರೆ ಎದುರು ಟೀಮಿಗೆ ಸಿಗೋ ಗೋಲ್ ಚಾನ್ಸು) ಅಂದ ತಕ್ಷಣ ಡಿಫೆಂಡರ್‌ಗಳು ಮಾಸ್ಕ್ ಹಾಕ್ಕೊಳ್ಳೋ ಅಷ್ಟರಲ್ಲೇ ಮಕ್ಕಳು ಕಿರುಚಿ ಗ್ರೌಂಡ್ ಎತ್ತಿ ಇಟ್ಬಿಟ್ರು.

ಕೊಡಗಲ್ಲಿ ಹಾಕಿಗೆ ಜನ ಬರಲ್ಲ ಅನ್ನೋದೆಲ್ಲ ಸುಳ್ಳು ಮಾರಾಯ್ರೆ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವ್ರು ಕರಡ ಊರಲ್ಲಿ ಶುರು ಮಾಡಿದ, ಕೊಡವ ಮನೆತನಗಳ ಟೀಮುಗಳು ಆಡೋ ಕುಟುಂಬ ಹಾಕಿಗೆ ಅಜ್ಜಿ ಮೊಮ್ಮಕ್ಕಳೆಲ್ಲ ಬಂದು ಕೂರ್ತಾರೆ, ಯಾಕಂದ್ರೆ ಆಡೋದು ನಮ್ಮನೆ ಟೀಮು. ಈ ಕಾಲೇಜ್ ಮ್ಯಾಚಲ್ಲಿ ಯಾರ ಮಗ ಆಡ್ತಿದಾನೆ ಅಂತಾನೇ ಗೊತ್ತಾಗಲ್ಲ, ಅನೌನ್ಸರ್ ಬರೀ ಜರ್ಸಿ ನಂಬರ್ ಹೇಳ್ತಾರೆ. ಹುಡುಗನ ಹೆಸ್ರು, ಊರು ಹೇಳಿ ಸ್ವಾಮಿ, ಆ ಊರಿಂದ ಒಂದು ಜೀಪ್ ಜನ ಗ್ಯಾರಂಟಿ ಬರ್ತಾರೆ.

ಮೈನಸ್ಸು: ನೆತ್ತಿ ಸುಡೋ ಬಿಸ್ಲಲ್ಲಿ ಮ್ಯಾಚು, ನೆರಳಿಲ್ಲ, ಹಾಫ್ ಟೈಮಿಗೇ ಕಾಫಿ ಖಾಲಿ (ಕೊಡಗಲ್ಲಿ!). ಪಾರ್ಕಿಂಗ್ ಪರ್ವಾಗಿಲ್ಲ. ಆಟ ಮಾತ್ರ ಫಾಸ್ಟು, 15 ನಿಮಿಷದ ನಾಲ್ಕು ಕ್ವಾರ್ಟರ್ ಹೋಗಿದ್ದೇ ಗೊತ್ತಾಗ್ಲಿಲ್ಲ.

ಐದಕ್ಕೆ ಮೂರೂವರೆ. ಮ್ಯಾಚ್ ಸಂಜೆಗೆ ಇಟ್ರೆ ಇನ್ನೊಂದರ್ಧ ಕೊಡ್ತೀನಿ.