ನೋಡ್ ಡಿಬಗ್ಗಿಂಗ್: ಬಿಚ್ಚಿಟ್ಟ ವೇರಿಯಬಲ್ ಮುಚ್ಚಿಕೊಳ್ಳದಿರಲು ವಿಎಸ್ ಕೋಡ್ ಒಳ್ಳೆಯದೋ, ಕ್ರೋಮ್ ಡೆವ್‌ಟೂಲ್ಸೋ?

ನೋಡ್ (ಬ್ರೌಸರ್ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್.ಜೆಎಸ್) ಕೋಡನ್ನು ಅಲ್ಲಲ್ಲಿ ನಿಲ್ಲಿಸಿ ತಪ್ಪು ಹುಡುಕಲು, ವಿಎಸ್ ಕೋಡ್ ಎಡಿಟರ್ ಮತ್ತು ಕ್ರೋಮ್ ಬ್ರೌಸರ್‌ನ ಡೆವ್‌ಟೂಲ್ಸ್ ಎರಡರಲ್ಲೂ ಕೆಲಸ ಮಾಡಿ ನೋಡಿದ್ದೇನೆ. ನನ್ನ ಆಯ್ಕೆ ವಿಎಸ್ ಕೋಡ್, ಅದರಲ್ಲೂ ನಾವು ಬರೆದುಕೊಟ್ಟದ್ದರ ಬೆಲೆ ತೋರಿಸುವ ವಾಚ್ ಪ್ಯಾನೆಲ್. ಎಲ್ಲ ವೇರಿಯಬಲ್‌ಗಳನ್ನೂ ತಾನೇ ಪಟ್ಟಿ ಮಾಡುವ ವೇರಿಯಬಲ್ಸ್ ಪ್ಯಾನೆಲ್ (ಕ್ರೋಮ್‌ನಲ್ಲಿ ಸ್ಕೋಪ್ ಪ್ಯಾನೆಲ್) ನಂಬಿ ಕೂತರೆ ಎರಡೂ ಕಡೆ ಒಂದೇ ಪಾಡು.

ಹೊರಗಿನ ಫಂಕ್ಷನ್‌ನಲ್ಲಿ ನಿಂತು ಲೋಕಲ್ ಸ್ಕೋಪ್ (ಆ ಫಂಕ್ಷನ್‌ನ ಸ್ವಂತ ವೇರಿಯಬಲ್‌ಗಳ ಗುಂಪು) ಅಡಿ ಕಾರ್ಟ್, ಅದರೊಳಗೆ ಐಟಮ್ಸ್, ಅದರೊಳಗೆ 0 ಅಂತ ಬಿಚ್ಚಿರುತ್ತೀರಿ. ಅದೇ ಫಂಕ್ಷನ್‌ನಲ್ಲಿ ಸ್ಟೆಪ್ ಓವರ್ ಮಾಡುವವರೆಗೆ (ಒಂದೊಂದೇ ಸಾಲು ಮುಂದೆ ಹೋಗುವವರೆಗೆ) ತೊಂದರೆಯಿಲ್ಲ. ಮ್ಯಾಪ್‌ಗೆ ಕೊಟ್ಟ ಕಾಲ್‌ಬ್ಯಾಕ್ (ಪ್ರತಿ ಐಟಮ್‌ಗೂ ಓಡುವ ಒಳ ಫಂಕ್ಷನ್) ಒಳಗೆ ಹೊಕ್ಕರೆ ಅದೇ ಕಾರ್ಟ್ ಈಗ ಕ್ಲೋಷರ್ (ಒಳ ಫಂಕ್ಷನ್‌ಗೆ ಹೊರಗಿನಿಂದ ಸಿಗುವ ವೇರಿಯಬಲ್‌ಗಳು) ಅಡಿ ಬಂದು, ಮುಚ್ಚಿಕೊಂಡು ಕೂತಿರುತ್ತದೆ. ಪ್ರೋಗ್ರಾಂ ಮುಂದೆ ಚಲಿಸಿದ ಕೂಡಲೇ ಹಿಂದಿನ ನಿಲುಗಡೆಯ ರೆಫರೆನ್ಸ್‌ಗಳು ಸಲ್ಲುವುದಿಲ್ಲ. ಹಾಗಾಗಿ ಯಾವುದು ಬಿಚ್ಚಿತ್ತು ಅನ್ನುವುದನ್ನು ಎರಡೂ ಡಿಬಗ್ಗರ್‌ಗಳು ಸ್ಕೋಪ್ ಹೆಸರು, ವೇರಿಯಬಲ್ ಹೆಸರು ಸೇರಿದ ದಾರಿಯಿಂದ ನೆನಪಿಡುತ್ತವೆ. ಆಬ್ಜೆಕ್ಟ್ ಒಂದೇ, ದಾರಿ ಬೇರೆ.

ವಾಚ್‌ನಲ್ಲಿ ಸ್ಕೋಪ್ ಹೆಸರಿನ ಗೊಡವೆಯೇ ಇಲ್ಲ. ‘ಕಾರ್ಟ್.ಐಟಮ್ಸ್[0]’ ಎಂದು ನೇರ ಬರೆದರೆ ಬಿಚ್ಚಬೇಕಾದ ಹಂತವೂ ಕಡಿಮೆ. ಆದರೆ ಇಲ್ಲೂ ಒಂದು ಕೊಕ್ಕೆ ಇದೆ: ಕಾಲ್‌ಬ್ಯಾಕ್ ಆಗಲಿ, ಹೊರಗಿನ ಫಂಕ್ಷನ್‌ನ ಬೇರೆ ಯಾವ ಒಳ ಫಂಕ್ಷನ್ ಆಗಲಿ ಕಾರ್ಟ್ ಬಳಸದಿದ್ದರೆ ವಿ8 (ನೋಡ್, ಕ್ರೋಮ್ ಎರಡರ ಜಾವಾಸ್ಕ್ರಿಪ್ಟ್ ಎಂಜಿನ್) ಅದನ್ನು ಕ್ಲೋಷರ್‌ಗೆ ಸೇರಿಸುವುದೇ ಇಲ್ಲ. ಆಗ ವಾಚ್‌ನಲ್ಲಿ ಬೆಲೆಯ ಬದಲು ಅದು ಸಿಗುತ್ತಿಲ್ಲ ಅನ್ನುವ ಸಂದೇಶ ಬರುತ್ತದೆ. ಕೋಡ್ ತಪ್ಪಿದೆ ಅಂತ ಹುಡುಕಲು ಹೊರಡಬೇಡಿ.

ಪರಿಹಾರ ಇಷ್ಟೇ: ಹೊರಗಿನ ಫಂಕ್ಷನ್‌ನಲ್ಲಿ ನಿಂತಿರುವಾಗಲೇ ಡಿಬಗ್ ಕನ್ಸೋಲ್‌ನಲ್ಲಿ ‘ಗ್ಲೋಬಲ್‌ದಿಸ್.ಕೈಗಾವಲು = ಕಾರ್ಟ್’ ಕೊಟ್ಟು, ವಾಚ್‌ನಲ್ಲಿ ‘ಗ್ಲೋಬಲ್‌ದಿಸ್.ಕೈಗಾವಲು’ ಸೇರಿಸಿ. ಯಾವ ಫಂಕ್ಷನ್‌ಗೆ ಹೋದರೂ ಅದು ಸಿಗುತ್ತದೆ. ಈ ಒಂದು ವಿಷಯದಲ್ಲಿ ಕ್ರೋಮ್ ಮೇಲು: ರೈಟ್ ಕ್ಲಿಕ್ ಮಾಡಿ ‘ಸ್ಟೋರ್ ಆಬ್ಜೆಕ್ಟ್ ಆ್ಯಸ್ ಗ್ಲೋಬಲ್ ವೇರಿಯಬಲ್’ ಒತ್ತಿದರೆ ‘ಟೆಂಪ್1’ ತಾನೇ ಸಿದ್ಧ.

ಕೋಡ್ ಹಳೆಯ ಆಬ್ಜೆಕ್ಟನ್ನು ತಿದ್ದದೆ, ಸ್ಪ್ರೆಡ್ ಮಾಡಿ (ಅದರಲ್ಲಿರುವುದನ್ನು ನಕಲಿಸಿ) ಹೊಸ ಕಾರ್ಟ್ ಕಟ್ಟುವ ಕಡೆ ಹುಷಾರು. ಕೈಗಾವಲು ಹಳೆಯದನ್ನೇ ಹಿಡಿದಿರುತ್ತದೆ, ಮೌಲ್ಯ ಬದಲಾಗಿಲ್ಲ ಅನ್ನಿಸುತ್ತದೆ. ಹೊಸದು ಹುಟ್ಟುವ ಸಾಲಿನ ಮುಂದಿನ ಸಾಲಿಗೆ ಕಂಡಿಷನಲ್ ಬ್ರೇಕ್‌ಪಾಯಿಂಟ್ (ಕೊಟ್ಟ ಷರತ್ತು ನಿಜವಾದರೆ ಮಾತ್ರ ನಿಲ್ಲಿಸುವ ಗುರುತು) ಇಟ್ಟು, ಕಂಡಿಷನ್ ಜಾಗದಲ್ಲಿ ಮೇಲಿನ ಕೈಗಾವಲು ಅಸೈನ್‌ಮೆಂಟ್ ಅನ್ನೇ ಆವರಣದೊಳಗೆ ಬರೆದು, ಅಲ್ಪವಿರಾಮ ಹಾಕಿ ‘ಫಾಲ್ಸ್’ ಸೇರಿಸಿ. ಅಲ್ಲಿ ನಿಲ್ಲುವುದಿಲ್ಲ, ಆದರೆ ಪ್ರತಿ ಸಲ ಹೊಸ ಆಬ್ಜೆಕ್ಟ್ ಕೈಗೆ ಸಿಗುತ್ತದೆ. ಕ್ರೋಮ್‌ನಲ್ಲೂ ಇದು ನಡೆಯುತ್ತದೆ.

ಗೆಟ್ಟರ್‌ಗಳ (ಓದಿದಾಗ ಮಾತ್ರ ಕೋಡ್ ಓಡಿ ಬೆಲೆ ಕೊಡುವ ಪ್ರಾಪರ್ಟಿಗಳ) ವಿಷಯದಲ್ಲಿ ವಿಎಸ್ ಕೋಡ್ ಮುಂದಿದೆ. ಕ್ರೋಮ್‌ನ ಸ್ಕೋಪ್ ಪ್ಯಾನೆಲ್‌ನಲ್ಲಿ ಮೂರು ಚುಕ್ಕಿ ಒತ್ತಿ ಬೆಲೆ ತೆಗೆಸಬೇಕು. ವಿಎಸ್ ಕೋಡ್‌ನ ಸೆಟ್ಟಿಂಗ್ಸ್‌ನಲ್ಲಿ ‘ಆಟೋ ಎಕ್ಸ್‌ಪ್ಯಾಂಡ್ ಲೇಜಿ ವೇರಿಯಬಲ್ಸ್’ ಆನ್ ಮಾಡಿದರೆ ಸಾಕು.

ವಾಚ್‌ನಲ್ಲಿ ‘ಕ್ಯೂ.ಶಿಫ್ಟ್()’ ತರಹದ್ದನ್ನು ಮಾತ್ರ ಬರೆಯಬೇಡಿ, ಪ್ರತಿ ಸ್ಟೆಪ್‌ಗೂ ಅದು ನಿಜವಾಗಿ ಓಡಿ ಪಟ್ಟಿಯ ಮೊದಲ ಅಂಶವನ್ನು ತೆಗೆದುಹಾಕುತ್ತದೆ.

ನಾನು ಕೋಡ್ ಬರೆಯುವುದೂ ವಿಎಸ್ ಕೋಡ್‌ನಲ್ಲೇ, ಅದಕ್ಕೆ ದುಡ್ಡೂ ಕೊಡಬೇಕಿಲ್ಲ. ಡಿಬಗ್ ಮಾಡಲೆಂದೇ ಇನ್ನೊಂದು ಕಿಟಕಿಗೆ ಹೋಗುವ ಅಭ್ಯಾಸ ಇಲ್ಲದವರಿಗೆ ಇದೇ ಸರಿ. ಪುಟ ಬ್ರೌಸರ್‌ನಲ್ಲೇ ಓಡುವುದಾದರೆ ಕ್ರೋಮ್ ಬಿಟ್ಟು ಹೊರಬರುವ ಅಗತ್ಯವಿಲ್ಲ. ಎಲ್ಲಿ ಮಾಡಿದರೂ, ದೀರ್ಘಕಾಲ ಓಡುವ ಪ್ರೊಸೆಸ್‌ನಲ್ಲಿ ಕೆಲಸ ಮುಗಿದ ಮೇಲೆ ಆ ಗ್ಲೋಬಲ್ ಅನ್ನು ಡಿಲೀಟ್ ಮಾಡಿ. ಇಲ್ಲದಿದ್ದರೆ ಆ ಆಬ್ಜೆಕ್ಟ್ ಮೆಮೊರಿಯಿಂದ ಬಿಡುಗಡೆಯಾಗುವುದಿಲ್ಲ.