ತಲಪಾಡಿಯಿಂದ ಕೊಟ್ಟಿಗೆಹಾರ: ನಮ್ಮ ಆಸ್ಪತ್ರೆ ದಾರಿಗೆ ಐದಕ್ಕೆ ಮೂರು

ನಮ್ಮ ಮನೆ ಕೇರಳ ಗಡಿಯ ತಲಪಾಡಿಯಲ್ಲಿ, ಹೆಂಡತಿಯ ತವರು ಚಾರ್ಮಾಡಿ ಘಾಟಿಯ ಮೇಲೆ ಕೊಟ್ಟಿಗೆಹಾರದ ಹತ್ತಿರ. ಅತ್ತೆಗೆ ಕಿಡ್ನಿ ತೊಂದರೆ, ತಿಂಗಳಿಗೊಮ್ಮೆ ಮಂಗಳೂರಿಗೆ ಚೆಕಪ್‌ಗೆ ಬರಲೇಬೇಕು. ಕರೆತರುವುದು, ಬಿಟ್ಟು ಬರುವುದು ನನ್ನ ಕೆಲಸ. ಚಾರ್ಮಾಡಿಯ ಮಂಜು, ಜಲಪಾತದ ಫೋಟೋ ಎಲ್ಲರೂ ಹಾಕ್ತಾರೆ. ನಾನು ನೋಡುವುದು ಒಂದನ್ನೇ: ಹುಷಾರಿಲ್ಲದವರನ್ನು ಕೂರಿಸಿಕೊಂಡು ಈ ರಸ್ತೆಯಲ್ಲಿ ಹೊತ್ತಿಗೆ ಸರಿಯಾಗಿ ತಲುಪಬಹುದಾ?

ಕೆಳಗಿನ ಭಾಗ ಚೆನ್ನಾಗಿದೆ. ತಲಪಾಡಿಯಿಂದ ಮಂಗಳೂರಿನ ಪಂಪ್‌ವೆಲ್‌ವರೆಗೆ ಹೆದ್ದಾರಿ 66, ತೊಕ್ಕೊಟ್ಟು ದಾಟಿ ನೇತ್ರಾವತಿ ಸೇತುವೆ ಹತ್ತಿದರೆ ಊರು ಬಂತು. ಪಂಪ್‌ವೆಲ್ ಫ್ಲೈಓವರ್ 2020ರ ಜನವರಿಯಲ್ಲಿ ತೆರೆಯುವ ಮೊದಲು ಅಲ್ಲಿ ಆಂಬುಲೆನ್ಸ್ ಸೈರನ್ ಹಾಕಿಕೊಂಡು ಸುಮ್ನೆ ನಿಂತಿರುವುದನ್ನು ಎಷ್ಟು ಸಲ ನೋಡಿದ್ದೇನೋ. ಈಗ ಆ ಕಷ್ಟ ಕಡಿಮೆ. ಜೋರು ಮಳೆಗೆ ಕೆಳಗೆ ನೀರು ನಿಲ್ಲುವುದು ಮಾತ್ರ ಹಾಗೇ ಇದೆ. ಕಾಸರಗೋಡಿನ ರೋಗಿಗಳಿಗೂ ಇದೇ ದಾರಿ ಅಲ್ವಾ? 2020ರ ಲಾಕ್‌ಡೌನ್‌ನಲ್ಲಿ ನಮ್ಮ ಗಡಿ ಮುಚ್ಚಿದಾಗ ಅವರು ಆ ಕಡೆಯೇ ಉಳಿದರು, ವಿಷಯ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಗಡಿಯಲ್ಲಿ ಇರುವವರಿಗೆ ಅದು ಮರೆಯುವಂಥದ್ದಲ್ಲ.

ತಲಪಾಡಿಯಲ್ಲಿ ಒಂದು ಟೋಲ್, ಬ್ರಹ್ಮರಕೂಟ್ಲುವಿನಲ್ಲಿ ಇನ್ನೊಂದು. ಬಿ.ಸಿ. ರೋಡ್‌ನಲ್ಲಿ ಬೆಂಗಳೂರು ದಾರಿ ಬಿಟ್ಟು ಎಡಕ್ಕೆ ತಿರುಗಿದರೆ ಹೆದ್ದಾರಿ 73, ಪುಂಜಾಲಕಟ್ಟೆವರೆಗೆ ಆರಾಮ. ಅದರಾಚೆ ಕಳೆದ ಮಳೆಗಾಲದಲ್ಲಿ ಅಗೆದು ಬಿಟ್ಟ ಜಾಗದಲ್ಲಿ ನಮ್ಮ ಚಕ್ರ ಹೂತು ಅರ್ಧ ಗಂಟೆ ಹೋಯಿತು. ಹಿಂದಿನ ಸೀಟಿನಲ್ಲಿ ಕಾಲು ಊದಿಕೊಂಡವರು ಇರುವಾಗ ಅರ್ಧ ಗಂಟೆ ಜಾಸ್ತಿಯೇ.

ಉಜಿರೆ ದಾಟಿ ಚಾರ್ಮಾಡಿ ಊರು ಕಳೆದ ಮೇಲೆ ಘಾಟಿ, 20 ಕಿ.ಮೀ.ಗೂ ಮಿಕ್ಕಿದ ಏರು. ಅತ್ತೆ ಕಣ್ಣು ಮುಚ್ಚಿ ಅರ್ಧ ಹೋಳು ಲಿಂಬೆ ಮೂಗಿಗೆ ಹಿಡಿದಿರುತ್ತಾರೆ, ಮಡಿಲಲ್ಲಿ ರಿಪೋರ್ಟಿನ ಫೈಲು. ಪ್ರತಿ ತಿರುವಿಗೂ ಫೈಲು ಜಾರುತ್ತದೆ, ಕಣ್ಣು ಬಿಡದೆಯೇ ಹಿಡಿದುಕೊಳ್ಳುತ್ತಾರೆ. "ಅಣ್ಣಪ್ಪ ಸ್ವಾಮಿ ಬಂತಾ?" ಎಂದು ಎರಡು ಸಲ ಕೇಳುತ್ತಾರೆ. ಗುಡಿ ಹತ್ತಿರ ನಿಲ್ಲಿಸಿ ಕಾಣಿಕೆ ಹಾಕಿಯೇ ಮುಂದೆ. ಒಂದು ತಿರುವಿನಲ್ಲಿ ತಡೆಗೋಡೆ ಕುಸಿದ ಜಾಗಕ್ಕೆ ಎರಡು ಡಾಂಬರು ಡ್ರಮ್ಮು ಇಟ್ಟು ಕೆಂಪು ಟೇಪು ಕಟ್ಟಿದ್ದರು. ಮಂಜಿನಲ್ಲಿ ಅದು ಕಂಡದ್ದು ಹತ್ತಡಿ ದೂರದಿಂದ.

2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಘಾಟಿಯೇ ಬಂದ್ ಆಗಿತ್ತು. ಬಂದ್ ಆದರೆ ಮೇಲಿನವರಿಗೆ ಕಳಸ, ಕುದುರೆಮುಖ ಸುತ್ತಿ ಕಾರ್ಕಳದ ಮೇಲೆ ಬರಬೇಕು, ಇಲ್ಲವೇ ಸಕಲೇಶಪುರಕ್ಕೆ ಹೋಗಿ ಶಿರಾಡಿ ಇಳಿಯಬೇಕು. ಘಾಟಿಯ ನಡುವೆ ನನ್ನ ಫೋನಿಗೆ ನೆಟ್‌ವರ್ಕ್ ಸಿಗುವುದಿಲ್ಲ, ಗಾಡಿ ಕೆಟ್ಟರೆ ಹಿಂದೆ ಬರುವವರನ್ನು ಕೈ ಅಡ್ಡ ಹಾಕಿ ನಿಲ್ಲಿಸಬೇಕು ಅಷ್ಟೇ. ರಸ್ತೆ ಎಷ್ಟೇ ಅಗಲ ಮಾಡಿದರೂ ಅಲ್ಲೊಂದು ಟವರ್, ಮಳೆಗಾಲದಲ್ಲಿ ಗುಡಿ ಹತ್ತಿರ ಒಂದು ಆಂಬುಲೆನ್ಸ್ ಇಲ್ಲದಿದ್ದರೆ ನಾನು ನಾಲ್ಕು ಸ್ಟಾರ್ ಕೊಡುವುದಿಲ್ಲ.

ಹೋಗುವವರು ಬೆಳಕಿದ್ದಾಗ ಹತ್ತಿ. ಮೇಲೆ ಕೊಟ್ಟಿಗೆಹಾರದಲ್ಲಿ ಬಿಸಿ ನೀರುದೋಸೆ ತಿಂದು ಕೂತರೆ ತಲೆಸುತ್ತು ಇಳಿಯುತ್ತದೆ.

ಅತ್ತೆಯ ಮುಂದಿನ ಚೆಕಪ್ ಆಷಾಢದಲ್ಲಿ. ಒಂದು ವಾರ ಮೊದಲೇ ತಲಪಾಡಿಗೆ ಕರೆದುಕೊಂಡು ಬರುವುದು ಎಂದು ಮಾತಾಡಿಕೊಂಡಿದ್ದೇವೆ.