ಮಾಯಾಮೃಗ, ಜೊತೆ ಜೊತೆಯಲಿ, ಪುಟ್ಟಕ್ಕನ ಮಕ್ಕಳು: ಮೂರನ್ನೂ ಒಂದೇ ಮಳೆಗಾಲದಲ್ಲಿ ನೋಡಿದ್ದು

ನಮ್ಮ ಅತ್ತೆ ಪುಟ್ಟಕ್ಕನ ಕಡೆ. ನಮ್ಮ ಅಕ್ಕ ಜೊತೆ ಜೊತೆಯಲಿಯ ಆರ್ಯ ಮತ್ತು ಅನು ಕಡೆ. ನಾನು ಮೊದಲಿನಿಂದಲೂ ಮಾಯಾಮೃಗದ ಕಡೆ. ಹಬ್ಬಕ್ಕೋ ಮದುವೆಗೋ ಮೂವರೂ ಸೇರಿದರೆ ಸಾಕು, ಯಾವ ಧಾರಾವಾಹಿ ಚೆನ್ನಾಗಿತ್ತು, ಯಾವುದು ಎಲ್ಲಿ ಕೆಟ್ಟಿತು ಅನ್ನೋ ಮಾತು ಶುರುವಾಗುತ್ತದೆ. ಯಾರೂ ಸೋಲುವುದಿಲ್ಲ. ಯಾಕೆಂದರೆ ಎಲ್ಲರೂ ತಮ್ಮದನ್ನು ನೆನಪಿನಿಂದ ಹೊಗಳುತ್ತಾರೆ, ಬೇರೆಯವರದ್ದನ್ನು ಅರ್ಧಂಬರ್ಧ ನೋಡಿ ಬೈಯುತ್ತಾರೆ.

ಕಳೆದ ಮಳೆಗಾಲದಲ್ಲಿ ಅತ್ತೆ ಹಿತ್ತಲಲ್ಲಿ ಜಾರಿ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡರು. ಆರು ವಾರ ಓಡಾಡುವಂತಿರಲಿಲ್ಲ. ಸಹಾಯಕ್ಕೆ ಅಂತ ಅಕ್ಕನೂ ಬಂದಳು. ಹೊರಗೆ ಶಿವಮೊಗ್ಗದ ಮಳೆ. ಮಧ್ಯಾಹ್ನ ಊಟ ಮುಗಿಸಿ ಎರಡು ಗಂಟೆಯಿಂದ ಸಂಜೆ ಕಾಫಿವರೆಗೆ ಮೂವರಿಗೂ ಬಿಡುವು. ಈ ಸಲ ಸರಿಯಾಗಿ ನೋಡಿಯೇ ಮಾತಾಡೋಣ ಅಂತ ತೀರ್ಮಾನ ಮಾಡಿದೆವು.

ಒಂದು ನಿಯಮ ಹಾಕಿಕೊಂಡೆವು. ಪ್ರತಿ ಧಾರಾವಾಹಿಯ ಮೊದಲ ಇಪ್ಪತ್ತು ಸಂಚಿಕೆ ಎಲ್ಲರೂ ನೋಡಬೇಕು. ಆಮೇಲೆ ಅದನ್ನು ಇಷ್ಟಪಡುವವರು ಅದರ ಅತಿ ಒಳ್ಳೆಯ ಭಾಗವನ್ನು ಆರಿಸಿ ತೋರಿಸಬೇಕು. ಅತಿ ಕೆಟ್ಟ ಭಾಗವನ್ನು ಮಾತ್ರ ಉಳಿದಿಬ್ಬರು ಆರಿಸುತ್ತಾರೆ. ಎದ್ದು ಹೋಗುವ ಹಾಗಿಲ್ಲ.

ಮೊದಲು ನನ್ನದೇ ಬಂತು. ಮಾಯಾಮೃಗ 1998ರಲ್ಲಿ ದೂರದರ್ಶನದಲ್ಲಿ ಬಂದದ್ದು. ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ, ಮೂವರು ಸೇರಿ ಮಾಡಿದ್ದು. ಆಗ ನಮ್ಮ ಬೀದಿಯಲ್ಲಿ ಆ ಹೊತ್ತಿಗೆ ಯಾರ ಮನೆಗೂ ಯಾರೂ ಹೋಗುತ್ತಿರಲಿಲ್ಲ. ಹೋದರೆ ಅಲ್ಲೇ ಕೂತು ನೋಡಿಕೊಂಡೇ ಬರುತ್ತಿದ್ದರು. ಯೂಟ್ಯೂಬಿನಲ್ಲಿ ಹಾಕಿದಾಗ ಮೊದಲು ಕಂಡದ್ದು ಮಸುಕು ಚಿತ್ರ. ಅಕ್ಕ "ಕನ್ನಡಕ ಒರೆಸಿಕೊಳ್ಳಬೇಕಾ?" ಅಂತ ಕೇಳಿದಳು. ಎರಡು ದಿನ ಅದೇ ಮಾತು. ಮೂರನೇ ದಿನ ಆ ಮಾತು ನಿಂತಿತು.

ನನಗೆ ಗೊತ್ತಾದದ್ದು ಅಡುಗೆಮನೆಯಲ್ಲಿ. ಒಂದು ದಿನ ಹಾಲಿಗೆ ಹೆಪ್ಪು ಹಾಕುತ್ತಾ, ಟಿವಿಗೆ ಬೆನ್ನು ಮಾಡಿಕೊಂಡೇ ಪೂರ್ತಿ ಒಂದು ಸಂಚಿಕೆ ಕೇಳಿದೆ. ಒಂದು ಮಾತೂ ತಪ್ಪಲಿಲ್ಲ. ಯಾರು ಯಾರಿಗೆ ಹೇಳುತ್ತಿದ್ದಾರೆ, ಯಾರು ಸುಮ್ಮನಾದರು, ಯಾರು ಮಾತು ಮರೆಸಿದರು, ಎಲ್ಲ ದನಿಯಲ್ಲೇ ತಿಳಿಯಿತು. ಗುಡುಗಿನ ಸದ್ದು ಇಲ್ಲ. ಒಂದೇ ಮುಖವನ್ನು ಮೂರು ಸಲ ತೋರಿಸುವುದಿಲ್ಲ. ಮಾಳವಿಕಾ ಅವರು ಲಾಯರ್ ಪಾತ್ರದಲ್ಲಿ ಮಾತಾಡುವಾಗ ಹಿನ್ನೆಲೆ ಸಂಗೀತ ಬೇಕು ಅಂತಲೇ ಅನಿಸುವುದಿಲ್ಲ. ಆ ಮೇಲೆ ಬೇರೆ ಎರಡನ್ನೂ ಇದೇ ರೀತಿ ಬೆನ್ನು ಮಾಡಿ ಕೇಳಿದೆ. ಅದನ್ನು ಮುಂದೆ ಹೇಳುತ್ತೇನೆ.

ಇನ್ನೊಂದು ವಿಷಯ. ಅಲ್ಲಿ ಎಲ್ಲರಿಗೂ ಕೆಲಸ ಇದೆ. ಸಂಬಳ, ಸಾಲ, ಮಗಳ ಮದುವೆಯ ಖರ್ಚು, ಕೋರ್ಟಿನ ಕೇಸು, ಇವೇ ಕಥೆಯನ್ನು ಮುಂದೆ ತಳ್ಳುತ್ತವೆ. ಜಗಳ ಬಂದರೆ ಅದಕ್ಕೆ ಒಂದು ಕಾರಣ ಇರುತ್ತದೆ, ಆ ಕಾರಣ ನಮ್ಮ ಮನೆಯಲ್ಲೂ ಇರುತ್ತದೆ. ಈ ಮಾತನ್ನು ಗಟ್ಟಿಯಾಗಿ ಹೇಳಿದ್ದಕ್ಕೆ ಅತ್ತೆ ಕೊಟ್ಟ ಉತ್ತರ ನನಗೆ ಇನ್ನೂ ಕಾಡುತ್ತದೆ. "ದಿನವಿಡೀ ಮನೆ ಲೆಕ್ಕ ಬರೆದು ಸುಸ್ತಾದವಳಿಗೆ ಟಿವಿಯಲ್ಲೂ ಅದೇ ಲೆಕ್ಕ ತೋರಿಸ್ತೀಯಾ?" ಅಂದರು. ಅದು ನ್ಯಾಯವಾದ ಮಾತು. ನಲವತ್ತು ವರ್ಷ ಅವರು ಆ ಲೆಕ್ಕ ಬರೆದಿದ್ದಾರೆ.

ಅವರಿಬ್ಬರು ಆರಿಸಿದ ಕೆಟ್ಟ ಭಾಗ ಯಾವುದು ಗೊತ್ತಾ? ಎಲ್ಲರೂ ಕೂತು ಚರ್ಚೆ ಮಾಡುವ ಸಂಚಿಕೆಗಳು. ಹತ್ತು ನಿಮಿಷ ಮಾತು, ಏನೂ ನಡೆಯುವುದಿಲ್ಲ, ಪ್ರತಿಯೊಬ್ಬರೂ ಭಾಷಣದ ಹಾಗೆ ಚೆಂದ ಮಾತಾಡುತ್ತಾರೆ. ನಾನು ಒಪ್ಪಿಕೊಂಡೆ. ಸೀತಾರಾಮ್ ಅವರ ಮುಂದಿನ ಧಾರಾವಾಹಿಗಳಲ್ಲೂ ಇದು ಇದೆ. ಮುಕ್ತದಲ್ಲಿ ಅವರೇ ಮಾಡಿದ ಸಿ.ಎಸ್.ಪಿ. ಎಂಬ ವಕೀಲ ಕೋರ್ಟಿನಲ್ಲಿ ನಿಂತಾಗ ಈ ಮಾತುಗಾರಿಕೆಯೇ ಬಲ. ಮನೆಯ ಹಜಾರದಲ್ಲಿ ಎಲ್ಲರೂ ಹಾಗೇ ಮಾತಾಡಿದರೆ ಅದೇ ಭಾರ. ಆದರೂ ಆಗಿನ ಪ್ರೇಕ್ಷಕರಿಗೆ ಆ ಮಾತು ಬೇಕಿತ್ತು. ಅದರ ನಂತರ ಬಂದ ಮುಕ್ತ ಮುಕ್ತ ಧಾರಾವಾಹಿಯ ಕಾಲದಲ್ಲಿ ತಂಡದವರು ಊರೂರಿಗೆ ಹೋಗಿ ನೋಡುಗರ ಜೊತೆ ಸಂವಾದ ನಡೆಸಿದರು. ಜನ ಎದ್ದು ನಿಂತು ಕಥೆಯ ಬಗ್ಗೆ, ಪಾತ್ರಗಳ ಬಗ್ಗೆ ನೇರವಾಗಿ ಪ್ರಶ್ನೆ ಕೇಳಿದರು. ಒಂದು ಧಾರಾವಾಹಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಇದೆಯಾ?

ಎರಡನೆಯದು ಅಕ್ಕನದು. ಜೊತೆ ಜೊತೆಯಲಿ 2019ರ ಸೆಪ್ಟೆಂಬರಿನಲ್ಲಿ ಜೀ ಕನ್ನಡದಲ್ಲಿ ಶುರುವಾಯಿತು. ಆರೂರು ಜಗದೀಶ್ ಅವರದು. ಮರಾಠಿಯ ತುಲಾ ಪಾಹತೆ ರೇ ಧಾರಾವಾಹಿಯ ರೀಮೇಕ್. ನಲವತ್ತು ದಾಟಿದ ದೊಡ್ಡ ಉದ್ಯಮಿ ಆರ್ಯವರ್ಧನ್ ಆಗಿ ಅನಿರುದ್ಧ, ಮಧ್ಯಮ ವರ್ಗದ ಹುಡುಗಿ ಅನು ಸಿರಿಮನೆಯಾಗಿ ಮೇಘಾ ಶೆಟ್ಟಿ.

ಮೊದಲ ಇಪ್ಪತ್ತು ಸಂಚಿಕೆ ನೋಡಿ ನಾನು ಸೋತುಹೋದೆ. ನಿಜವಾಗಿ ಹೇಳುತ್ತಿದ್ದೇನೆ, ಆ ಮೊದಲ ಕೆಲವು ತಿಂಗಳು ಕನ್ನಡ ಧಾರಾವಾಹಿಯ ಒಂದು ಎತ್ತರ. ಅದಕ್ಕೆ ಕಾರಣ ಆರ್ಯ ಅಂತ ಅಕ್ಕ ಹೇಳುತ್ತಾಳೆ. ನನ್ನ ಲೆಕ್ಕದಲ್ಲಿ ಕಾರಣ ಅನುವಿನ ಅಪ್ಪ ಸುಬ್ಬು. ಎಣಿಸಿ ಖರ್ಚು ಮಾಡುವ ಮನುಷ್ಯ. ಮಗಳೆಂದರೆ ಪ್ರಾಣ, ಜೊತೆಗೆ ಭಯ. ಸಿರಿಮನೆಯವರ ಆ ಚಿಕ್ಕ ಮನೆ ತೆರೆಯ ಮೇಲೆ ಇರುವಷ್ಟು ಹೊತ್ತು ಆರ್ಯನ ದೊಡ್ಡತನಕ್ಕೂ ಒಂದು ಅಳತೆ ಸಿಗುತ್ತದೆ. ವಯಸ್ಸಿನ ಅಂತರ, ಹಣದ ಅಂತರ, ಎರಡೂ ಕಣ್ಣೆದುರಿಗೆ ಇರುತ್ತವೆ. ಆಗ ಪ್ರೀತಿಗೆ ನಿಜವಾದ ತೊಡಕು ಇದೆ ಅಂತ ನಂಬಿಕೆ ಬರುತ್ತದೆ.

ಮದುವೆ ಆದ ಮೇಲೆ ಕಥೆ ದೊಡ್ಡ ಮನೆಗೆ ಹೋಗುತ್ತದೆ. ಅಲ್ಲಿ ಯಾರಿಗೂ ತಿಂಗಳ ಕೊನೆಯ ಚಿಂತೆ ಇಲ್ಲ. ಕಂಪನಿ ಇದೆ, ಆದರೆ ಕೆಲಸ ಕಾಣುವುದಿಲ್ಲ. ಹಾಗಾಗಿ ದಿನಾ ಏನಾದರೂ ಹೊರಗಿನಿಂದ ತರಬೇಕು. ಗುಟ್ಟು, ಪಿತೂರಿ, ಫೋನು ಕದ್ದು ಕೇಳುವುದು. ನಾನು ಅಡುಗೆಮನೆಯಿಂದ ಕೇಳಿದಾಗ ಈ ಭಾಗದಲ್ಲಿ ಮಾತಿಗಿಂತ ಸಂಗೀತವೇ ಜಾಸ್ತಿ ಕೇಳಿಸಿತು. ಯಾರೋ ಬೆಚ್ಚಿದರು ಅಂತ ಗೊತ್ತಾಗುತ್ತದೆ. ಯಾಕೆ ಬೆಚ್ಚಿದರು ಅಂತ ತಿಳಿಯಲು ಓಡಿ ಬಂದು ನೋಡಬೇಕು.

ಆರ್ಯನ ಮೊದಲ ಹೆಂಡತಿ ರಾಜನಂದಿನಿಯೇ ಅನು ಆಗಿ ಮತ್ತೆ ಹುಟ್ಟಿದ್ದಾಳೆ ಅನ್ನೋ ಪುನರ್ಜನ್ಮದ ಭಾಗವನ್ನು ಕೆಟ್ಟ ಭಾಗ ಅಂತ ನಾನು ಆರಿಸಲು ಹೊರಟಿದ್ದೆ. ಅಕ್ಕ ಬಿಡಲಿಲ್ಲ. ಅದನ್ನೇ ಒಳ್ಳೆಯ ಭಾಗ ಅಂತ ತೋರಿಸಿದಳು. ನೋಡಿದ ಮೇಲೆ ಅವಳು ಹೇಳಿದ್ದು ಸರಿ ಅನಿಸಿತು. ಸೋನು ಗೌಡ ಅವರ ರಾಜನಂದಿನಿ ಬಂದ ಮೇಲೆ ನಾವು ಪ್ರೀತಿಸಿದ ಆರ್ಯನೇ ಬೇರೆಯಾಗಿ ಕಾಣುತ್ತಾನೆ. ಅಷ್ಟು ದಿನ ಮೆಚ್ಚಿದ ಮನುಷ್ಯನ ಹಿಂದೆ ಒಂದು ಕೊಲೆ ಇದೆ ಅಂತ ತಿಳಿದಾಗ ಅತ್ತೆ ಊಟದ ತಟ್ಟೆ ಕೆಳಗಿಟ್ಟರು. ಪುನರ್ಜನ್ಮ ಅಂದ ಮಾತ್ರಕ್ಕೆ ಕೆಟ್ಟದಾಗಬೇಕಿಲ್ಲ. ಈ ತಿರುವು ಮರಾಠಿಯ ಮೂಲದಲ್ಲೇ ಇತ್ತು. ಮೊದಲೇ ಯೋಚಿಸಿ ಇಟ್ಟದ್ದು. ಅದಕ್ಕೇ ನಿಲ್ಲುತ್ತದೆ.

ಹಾಗಾದರೆ ಕೆಟ್ಟದ್ದು ಯಾವುದು? ಆ ತಿರುವಿನ ನಂತರವೂ ಮುಗಿಸದೆ ಹೋದದ್ದು. ಮರಾಠಿಯಲ್ಲಿ 2018ರ ಆಗಸ್ಟಿನಲ್ಲಿ ಶುರುವಾದ ಕಥೆ ಒಂದು ವರ್ಷ ತುಂಬುವ ಮೊದಲೇ ಮುಗಿಯಿತು. ಕನ್ನಡದಲ್ಲಿ 2023ರವರೆಗೆ ನಡೆಯಿತು. ಹೆಚ್ಚು ಕಡಿಮೆ ನಾಲ್ಕು ವರ್ಷ. ಒಂದು ವರ್ಷದ ಕಥೆಯನ್ನು ನಾಲ್ಕು ವರ್ಷಕ್ಕೆ ಹರಡಿದರೆ ತೆಳ್ಳಗಾಗದೆ ಇರುತ್ತದಾ? ನಡುವೆ 2022ರಲ್ಲಿ ಅನಿರುದ್ಧ ಹೊರಗೆ ಹೋದರು, ಹರೀಶ್ ರಾಜ್ ಬಂದರು. ಹರೀಶ್ ರಾಜ್ ಒಳ್ಳೆಯ ನಟ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಡೀ ಧಾರಾವಾಹಿ ಒಬ್ಬ ಮನುಷ್ಯನ ನಡಿಗೆ, ದನಿ, ಕೋಟಿನ ಮೇಲೆ ನಿಂತಿತ್ತು. ಅಕ್ಕ ಆ ಭಾಗ ನೋಡುವಾಗ ಏನೂ ಮಾತಾಡಲಿಲ್ಲ. ಬಟಾಣಿ ಸುಲಿಯುತ್ತಾ ಕೂತಿದ್ದಳು.

ಇಲ್ಲಿ ಒಂದು ಮಾತು. ಎಳೆದರು ಅಂತ ನಾವು ಸುಲಭವಾಗಿ ಬೈಯುತ್ತೇವೆ. ವಾರಕ್ಕೆ ಐದು ಸಂಚಿಕೆ, ಕೆಲವೊಮ್ಮೆ ಆರು. ಅರ್ಧ ಗಂಟೆಯಲ್ಲಿ ಜಾಹೀರಾತು ಬಿಟ್ಟರೆ ಇಪ್ಪತ್ತು ನಿಮಿಷ ಚಿಲ್ಲರೆ. ಪ್ರತಿ ವಾರ ಟಿಆರ್‌ಪಿ ಬರುತ್ತದೆ. ಏರಿದರೆ ಮುಗಿಸಲು ಬಿಡುವುದಿಲ್ಲ, ಇಳಿದರೆ ಕಥೆ ಬದಲಿಸಲು ಹೇಳುತ್ತಾರೆ. ಇದರ ನಡುವೆ ಬರೆಯುವವರು ನಾಳೆಯ ಸಂಚಿಕೆಯನ್ನು ಇವತ್ತು ಬರೆಯಬೇಕು. ಆ ಕಷ್ಟ ನನಗೆ ಅರ್ಥವಾಗುತ್ತದೆ. ಅದಕ್ಕೇ ನನಗೆ ಸಿಟ್ಟು ಬರುವುದು ಬರೆಯುವವರ ಮೇಲೆ ಅಲ್ಲ. ಮುಗಿಯುವ ದಿನ ಯಾವುದು ಅಂತ ಅವರಿಗೇ ತಿಳಿಸದೆ ಬರೆಸುವ ಆ ಪದ್ಧತಿಯ ಮೇಲೆ. ಇದರ ಇನ್ನೊಂದು ಮುಖವೂ ಇದೆ. ಸೀತಾರಾಮ್ ಅವರ ಮಗಳು ಜಾನಕಿ 2018ರಲ್ಲಿ ಶುರುವಾಗಿ, ಎಷ್ಟೋ ಜನ ಕಾದು ನೋಡುತ್ತಿದ್ದಾಗಲೇ 2020ರ ಲಾಕ್‌ಡೌನ್ ಹೊತ್ತಿಗೆ ಮುಗಿಯದೆ ನಿಂತುಹೋಯಿತು. ಒಂದಕ್ಕೆ ಮುಗಿಸಲು ಬಿಡಲಿಲ್ಲ, ಇನ್ನೊಂದಕ್ಕೆ ಮುಗಿಸುವಷ್ಟು ದಿನ ಸಿಗಲಿಲ್ಲ.

ಮೂರನೆಯದು ಪುಟ್ಟಕ್ಕನ ಮಕ್ಕಳು. 2021ರ ಡಿಸೆಂಬರಿನಲ್ಲಿ ಶುರು. ಇದೂ ಆರೂರು ಜಗದೀಶ್ ಅವರದೇ. ಗಂಡ ಇನ್ನೊಬ್ಬಳ ಜೊತೆ ಹೋದ ಮೇಲೆ ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಸಾಕುವ ತಾಯಿ. ಆ ತಾಯಿ ಉಮಾಶ್ರೀ.

ಬೆನ್ನು ಮಾಡಿ ಕೇಳುವ ಪರೀಕ್ಷೆಯಲ್ಲಿ ಇದು ಮಾಯಾಮೃಗಕ್ಕೆ ಸಮನಾಗಿ ನಿಂತಿತು. ನಾನು ಎಣಿಸಿರಲಿಲ್ಲ. ಉಮಾಶ್ರೀ ಅವರ ದನಿಯೇ ಸಾಕು. ಮಕ್ಕಳನ್ನು ಗದರುವಾಗ ಒಂದು, ಊಟಕ್ಕೆ ಬಂದವರಿಗೆ ಇನ್ನೊಂದು, ಗಂಡನ ಹೆಸರು ಬಂದಾಗ ಮತ್ತೊಂದು. ಗುಲಾಬಿ ಟಾಕೀಸ್ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ನಟಿ. ರಂಗಭೂಮಿಯಿಂದ ಬಂದವರು. ಮಂತ್ರಿಯೂ ಆಗಿದ್ದವರು. ಅಂಥವರು ದಿನಾ ಒಲೆ ಮುಂದೆ ಕೂತು ಈ ಪಾತ್ರಕ್ಕೆ ಇಷ್ಟು ಮನಸ್ಸು ಕೊಟ್ಟಿದ್ದಾರೆ. ಬಡ್ಡಿ ಬಂಗಾರಮ್ಮನಾಗಿ ಮಂಜುಭಾಷಿಣಿ ಇನ್ನೊಂದು ಸಂತೋಷ. ಹಳೆಯ ಹಾಸ್ಯ ಧಾರಾವಾಹಿ ಸಿಲ್ಲಿ ಲಲ್ಲಿಯ ಸಮಾಜ ಸೇವಕಿ ಲಲಿತಾಂಬ ಇವರೇ ಅಂತ ಅತ್ತೆಗೆ ಹೇಳಿದರೆ ಅವರು ನಂಬಲಿಲ್ಲ. ಹಳೆಯ ತುಣುಕು ತೋರಿಸಿದ ಮೇಲೆ "ಅಯ್ಯೋ, ಇವಳೇನಾ!" ಅಂತ ಕೈ ತಟ್ಟಿದರು.

ಅತ್ತೆ ಆರಿಸಿದ ಒಳ್ಳೆಯ ಭಾಗ ಮೆಸ್ಸಿನ ಸುತ್ತ ನಡೆಯುವ ಸಂಚಿಕೆಗಳು. ಅಲ್ಲಿ ಸಾಲಕ್ಕೆ ಬಡ್ಡಿ ಇದೆ, ಬಡ್ಡಿ ವಸೂಲಿ ಮಾಡುವವಳ ಮಗ ಕಂಠಿಗೆ ಸಾಲಗಾರಳ ಮಗಳು ಸ್ನೇಹಾ ಮೇಲೆ ಪ್ರೀತಿ ಇದೆ. ಪ್ರೀತಿ ಮತ್ತು ಹಣ ಒಂದೇ ಅಂಗಳದಲ್ಲಿ ಓಡಾಡುತ್ತವೆ. ಆಗ ನಾನು ಅತ್ತೆಗೆ ಕೇಳಿದೆ: "ಇದೂ ಲೆಕ್ಕದ ಕಥೆಯೇ ಅಲ್ವಾ? ಇದು ಹೇಗೆ ಇಷ್ಟ ಆಯ್ತು?" ಸ್ವಲ್ಪ ಹೊತ್ತು ಸುಮ್ಮನಿದ್ದು ಅವರು ಹೇಳಿದರು: "ಇಲ್ಲಿ ಲೆಕ್ಕ ಬರೆಯೋಳು ಗೆಲ್ತಾಳೆ ಕಣೇ." ಮಾಯಾಮೃಗದ ಬಗ್ಗೆ ಅವರ ತಕರಾರು ಏನಂತ ಆವಾಗ ನನಗೆ ಪೂರ್ತಿ ಅರ್ಥವಾಯಿತು.

ಕೆಟ್ಟ ಭಾಗ ಆರಿಸುವುದು ಕಷ್ಟವಾಗಲಿಲ್ಲ. ಸ್ನೇಹಾಳ ಸಾವು. ಓದಿ, ಕಷ್ಟಪಟ್ಟು, ಡಿಸಿ ಆದ ಮಗಳು. 2024ರ ಕೊನೆಗೆ ಆ ಪಾತ್ರ ಮಾಡುತ್ತಿದ್ದ ಸಂಜನಾ ಬುರ್ಲಿ ಹೊರಬಂದರು. ಪಾತ್ರವನ್ನೇ ಸಾಯಿಸಿದರು. ಆಮೇಲೆ ಅವಳ ಹೃದಯವನ್ನು ಇನ್ನೊಬ್ಬ ಹುಡುಗಿಗೆ ಜೋಡಿಸಿ ಕಥೆ ಮುಂದುವರಿಸಿದರು. ನಟಿ ಹೋಗುವುದು ಯಾರ ತಪ್ಪೂ ಅಲ್ಲ, ಅವರಿಗೂ ಬದುಕು ಇದೆ. ಸಾವಿನ ದಿನದ ಸಂಚಿಕೆಗಳಲ್ಲಿ ಉಮಾಶ್ರೀ ಅವರ ನಟನೆಗೆ ನಾವು ಮೂವರೂ ಅತ್ತಿದ್ದೇವೆ. ಆದರೆ ಮೂರು ವರ್ಷ ಈ ಧಾರಾವಾಹಿ ಹೆಣ್ಣುಮಕ್ಕಳಿಗೆ ಹೇಳಿದ್ದು ಒಂದೇ ಮಾತು: ಓದು, ನಿನ್ನ ಕಾಲ ಮೇಲೆ ನಿಲ್ಲು. ಆ ಮಾತನ್ನು ಹೊತ್ತವಳನ್ನೇ ತೆಗೆದ ಮೇಲೆ ಅವಳ ಹೃದಯ ಮಾತ್ರ ಉಳಿದರೆ ಸಾಕಾ? ಡಿಸಿ ಕುರ್ಚಿಯ ಕಥೆ ಎಲ್ಲಿ ಹೋಯಿತು? ಅತ್ತೆ ತಮ್ಮ ಧಾರಾವಾಹಿಯನ್ನು ಬಿಟ್ಟುಕೊಡುವವರಲ್ಲ. ಅವರೇ "ಬೇರೆ ಹುಡುಗಿಯನ್ನು ಅದೇ ಪಾತ್ರಕ್ಕೆ ಹಾಕಬೇಕಿತ್ತು" ಅಂದರು. ನಾಯಕ ಬದಲಾದಾಗ ನೊಂದ ಅಕ್ಕ ಮಾತ್ರ ಇದನ್ನು ಒಪ್ಪಲಿಲ್ಲ. ಆ ದಿನ ಕಾಫಿ ಆರಿಹೋಗುವವರೆಗೆ ಜಗಳ ನಡೆಯಿತು.

ನಡುವೆ ಒಂದು ಭಾನುವಾರ ಅಗ್ನಿಸಾಕ್ಷಿಯನ್ನೂ ಸೇರಿಸೋಣ ಅಂತ ಅಕ್ಕ ಹೇಳಿದಳು. 2013ರಿಂದ 2020ರವರೆಗೆ ನಡೆದ ಕಥೆ. ಸಿದ್ಧಾರ್ಥ್, ಸನ್ನಿಧಿ ಜೋಡಿ ಚೆಂದ, ಒಪ್ಪಿದೆ. ಹತ್ತು ಸಂಚಿಕೆಗೆ ನನಗೆ ಸಾಕಾಯಿತು.

ಯಾರಿಗೆ ಯಾವುದು ಅಂತ ಕೇಳಿದರೆ ನನ್ನ ಅಭಿಪ್ರಾಯ ಹೀಗೆ. ಪೂರ್ತಿ ಒಂದನ್ನೇ ನೋಡುವುದಾದರೆ ಮಾಯಾಮೃಗ. ಮಾತು ಜಾಸ್ತಿ ಇದ್ದರೂ ತನ್ನ ಜನರನ್ನು ಅದು ಎಲ್ಲೂ ಕೈಬಿಡುವುದಿಲ್ಲ. ಜೊತೆ ಜೊತೆಯಲಿಯನ್ನು ಮದುವೆವರೆಗೆ ನೋಡಿ, ಆಮೇಲೆ ನೇರವಾಗಿ ರಾಜನಂದಿನಿಯ ಭಾಗಕ್ಕೆ ಹೋಗಿ, ಅಲ್ಲಿಗೆ ನಿಲ್ಲಿಸಿ. ಪುಟ್ಟಕ್ಕನ ಮಕ್ಕಳನ್ನು ದಿನಕ್ಕೊಂದೇ ಸಂಚಿಕೆಯಂತೆ, ಮನೆಯ ಹಿರಿಯರ ಜೊತೆ ಕೂತು ನೋಡಿ. ಒಬ್ಬರೇ ಕೂತು ಸಾಲಾಗಿ ಐದು ನೋಡಿದರೆ ಅದರ ರುಚಿ ಸಿಗುವುದಿಲ್ಲ.

ಅಕ್ಕ ಇದನ್ನು ಓದಿ ಸುಬ್ಬುಗೆ ಇಷ್ಟು ಜಾಗ ಕೊಟ್ಟು ಆರ್ಯನಿಗೆ ಕಡಿಮೆ ಕೊಟ್ಟಿದ್ದೀಯ ಅಂದಳು. ಅತ್ತೆಯ ಪ್ಲಾಸ್ಟರ್ ತೆಗೆದಾಗಿದೆ. ಈಗ ಅವರೇ ಮಧ್ಯಾಹ್ನ ಎರಡಕ್ಕೆ ಬಂದು ಕೂರುತ್ತಾರೆ. ಮಾಯಾಮೃಗ ಎಲ್ಲಿಗೆ ನಿಲ್ಲಿಸಿದ್ದೆವು ಅಂತ ನಿನ್ನೆ ಅವರೇ ಕೇಳಿದರು.